ಅಜ್ಜಿ ಕಂಡ ಸಾವಿರ ಹುಣ್ಣಿಮೆ

"ಅಜ್ಜೀದೇ ಬರ್ತ್‌ಡೇ ಅಲ್ವಾ, ಮತ್ತೆ ಅವರಿಗೇ ಯಾಕೆ ಕುಂಕುಮ ಕೊಡ್ಲಿಲ್ಲ?"

ನ್ಯೂಜೆರ್ಸಿಯ ಎಡಿಸನ್‌ನಲ್ಲಿ, ಭಜನೆ ಮುಗಿದು ಅರಿಶಿನ ಕುಂಕುಮದ ತಟ್ಟೆ ಸಾಲಿನಲ್ಲಿ ಸಾಗುತ್ತಿದ್ದಾಗ, ಇಲ್ಲೇ ಹುಟ್ಟಿದ ಏಳು ವರ್ಷದ ಹುಡುಗಿ ಕೇಳಿದ ಮಾತಿದು. ತಟ್ಟೆ ಅಜ್ಜಿಯ ಮುಂದೆ ನಿಲ್ಲದೆ ಪಕ್ಕದವರಿಗೆ ಹೋಗಿತ್ತು. ಅಜ್ಜಿಯ ಯಜಮಾನರು ತೀರಿಕೊಂಡಿದ್ದಾರೆ ಎಂದರೆ ಆ ಮಗುವಿಗೆ ಅದು ಉತ್ತರವಾಗದು. ಅವಳು ಕೇಳಿದ್ದು ಅಜ್ಜಿಯ ಹುಟ್ಟುಹಬ್ಬದ ವಿಷಯ.

ನಮ್ಮಲ್ಲಿ ಅರವತ್ತರ ಷಷ್ಟ್ಯಬ್ದಿ, ಎಪ್ಪತ್ತರ ಭೀಮರಥ ಶಾಂತಿ, ಎಂಬತ್ತು ದಾಟಿ ಸಾವಿರ ಹುಣ್ಣಿಮೆ ಕಂಡ ಮೇಲಿನ ಸಹಸ್ರಚಂದ್ರ ದರ್ಶನ, ಎಲ್ಲವೂ ಸಾಮಾನ್ಯವಾಗಿ ಗಂಡನ ವಯಸ್ಸಿನ ಮೇಲೆ ನಡೆಯುತ್ತವೆ. ಹೆಂಡತಿ ಪಕ್ಕದಲ್ಲಿ ಕೂರುತ್ತಾಳೆ. ಗಂಡ ಹೋದರೆ ಲೆಕ್ಕವೂ ಅಲ್ಲಿಗೇ ನಿಲ್ಲುತ್ತದೆ. ಜೀವಮಾನವಿಡೀ ಏಕಾದಶಿ ಬಿಡದೆ, ಚಾತುರ್ಮಾಸ್ಯದ ವ್ರತ ತಪ್ಪದೆ ಬಂದ ಹೆಂಗಸು ತಾನೇ ಕಂಡ ಹುಣ್ಣಿಮೆಗಳನ್ನು ಬಸವನಗುಡಿಯಲ್ಲಾಗಲಿ ಧಾರವಾಡದಲ್ಲಾಗಲಿ ಎಣಿಸಿಕೊಡುವವರು ಸಿಗುವುದು ಅಪರೂಪ. ಪರದೇಶದಲ್ಲಿ ಗೆಳತಿಯರೇ ಬಂಧುಗಳು. ಈ ಲೆಕ್ಕ ಅವರು ಹಾಕಬಹುದು, ಹಾಕಲೇಬೇಕು.

ಲೆಕ್ಕ ಹೀಗಿದೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.53 ದಿನ. ಸಾವಿರಕ್ಕೆ ಸುಮಾರು 29,530 ದಿನ, ಅಂದರೆ 80 ವರ್ಷ 10 ತಿಂಗಳು. ವರ್ಷಕ್ಕೆ ಹನ್ನೆರಡೇ ಹುಣ್ಣಿಮೆ ಎಂದು ಭಾಗಿಸಿದರೆ 83 ವರ್ಷ 4 ತಿಂಗಳು ಬರುತ್ತದೆ. ಅಧಿಕಮಾಸಗಳನ್ನು ಬಿಟ್ಟದ್ದರಿಂದ ಈ ವ್ಯತ್ಯಾಸ. ಉದಾಹರಣೆಗೆ, 1945ರ ಫೆಬ್ರವರಿ ಮೊದಲ ವಾರ ಹುಟ್ಟಿದವರಿಗೆ ಸಾವಿರದ ಹುಣ್ಣಿಮೆ ಬಿದ್ದದ್ದು 2025ರ ಡಿಸೆಂಬರ್ 4ರಂದು. ಗುರುವಾರ, ರಾಯರ ವಾರ, ಊರಿನಲ್ಲಿ ಹೊಸ್ತಿಲ ಹುಣ್ಣಿಮೆ. ಒಂದು ಎಚ್ಚರ: ಊರಿನಿಂದ ತರಿಸಿದ ಪಂಚಾಂಗದ ಸಮಯ ಭಾರತದ್ದು. ಇಲ್ಲಿನ ಸೂರ್ಯೋದಯಕ್ಕೆ ಹೊಂದಿಸದಿದ್ದರೆ ತಿಥಿ ಒಂದು ದಿನ ಹಿಂದುಮುಂದಾಗಬಹುದು.

ಚಂದ್ರನಿಗೆ ಅರ್ಘ್ಯವನ್ನು ಆ ಸಾವಿರದ ಹುಣ್ಣಿಮೆಯ ಸಂಜೆಯೇ ಅಜ್ಜಿಯಿಂದ ಕೊಡಿಸಬೇಕು, ವಾರಾಂತ್ಯಕ್ಕೆ ತಳ್ಳಬಾರದು. ಡಿಸೆಂಬರ್‌ನಲ್ಲಿ ಇಲ್ಲಿ ಚಂದ್ರ ಸೂರ್ಯಾಸ್ತದ ಹೊತ್ತಿಗೇ, ನಾಲ್ಕೂವರೆಯ ಆಸುಪಾಸು ಮೂಡುತ್ತಾನೆ; ಎದುರುಮನೆಯ ಮಾಡು ದಾಟಿ ಕಾಣಿಸಲು ಇನ್ನೂ ಅರ್ಧ ಗಂಟೆ ಬೇಕು. ನೀರು, ಒಂದು ಚಮಚ ಹಾಲು, ಗಂಧ, ಅಕ್ಷತೆ, ಒಂದು ಬಿಳಿ ಹೂ, ಇಷ್ಟೇ. ಅಷ್ಟು ಚಳಿಯಲ್ಲಿ ಎಂಬತ್ತರ ಜೀವವನ್ನು ಬರಿಗಾಲಲ್ಲಿ ಡೆಕ್ ಮೇಲೆ ನಿಲ್ಲಿಸಬೇಡಿ. ಉಣ್ಣೆಯ ಆಸನ ಹಾಸಿ, ಬಾಗಿಲ ಬಳಿಯೇ ತಟ್ಟೆ ಹಿಡಿಯಿರಿ. ತುಳಸಿ ಕುಂಡವನ್ನು ಅಕ್ಟೋಬರ್‌ನಲ್ಲೇ ಒಳಗೆ ತಂದು ಬಿಸಿಲ ಕಿಟಕಿಗೆ ಇಟ್ಟಿದ್ದರಷ್ಟೇ ಆ ದಿನಕ್ಕೆ ನಾಲ್ಕು ದಳ ಸಿಗುತ್ತದೆ. ಅಂಗಡಿಯ ಬೇಸಿಲ್ ಅದಕ್ಕೆ ಬದಲಿ ಅಲ್ಲ.

ಹೋಮ ಬೇಕೆಂದರೆ ಎಡಿಸನ್‌ನಲ್ಲೇ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನವಿದೆ, ಅಲ್ಲಿ ವಿಚಾರಿಸಿ. ಮನೆಯಲ್ಲಿ ಬೇಡ, ಸ್ಮೋಕ್ ಅಲಾರ್ಮ್‌ನ ಬ್ಯಾಟರಿ ತೆಗೆದು ಹೋಮ ಮಾಡುವುದಂತೂ ಕೂಡದು.

ಊಟ ಶನಿವಾರ ಮಧ್ಯಾಹ್ನವೇ ಆಗಲಿ. ಮಡಿಯ ಹಿರಿಯರಲ್ಲಿ ಅನೇಕರಿಗೆ ಒಪ್ಪೊತ್ತಿನ ಊಟ. ಸಂಜೆ ಪಾರ್ಟಿ ಇಟ್ಟರೆ ಯಾರಿಗಾಗಿ ಸೇರಿದ್ದೇವೋ ಅವರೇ ಬರೀ ಹಾಲು ಕುಡಿದು ಎಲ್ಲರೂ ಉಣ್ಣುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟರೆ ಸಾಲದು. ಅವರು ಯಾರ ಕೈಯಡುಗೆ ಉಣ್ಣುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಆರತಿ ಬೆಳಿಗ್ಗೆ ಹತ್ತಕ್ಕೆ ಇಟ್ಟರೆ ಬೆಂಗಳೂರಿನಲ್ಲಿ ರಾತ್ರಿ ಎಂಟೂವರೆ, ಊರಿನವರೂ ವಿಡಿಯೋದಲ್ಲಿ ನೋಡುತ್ತಾರೆ. ತಂಬಿಟ್ಟಿನ ಆರತಿಗೆ ಎರಡು ಲೋಟ ಅಕ್ಕಿಹಿಟ್ಟನ್ನು ಘಮ್ಮೆನ್ನುವಂತೆ ಹುರಿದು, ಒಂದೂವರೆ ಲೋಟ ಬೆಲ್ಲದ ಎಳೆಪಾಕ, ಎರಡು ಚಮಚ ತುಪ್ಪ. ಪಾಕ ನೀರಾದರೆ ದೀಪದ ಗೂಡು ಕುಸಿಯುತ್ತದೆ, ಗಟ್ಟಿಯಾದರೆ ಬಿರಿಯುತ್ತದೆ. ಬಿಸಿ ಇರುವಾಗಲೇ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಕುಳಿ ಮಾಡಬೇಕು.

ಇನ್ನು ಆ ತಟ್ಟೆ. ಹಿರಿಯರಲ್ಲಿ ಕುಂಕುಮ ಬಯಸುವವರೂ ಇದ್ದಾರೆ, ತಾವಾಗಿಯೇ ಬೇಡ ಎನ್ನುವವರೂ ಇದ್ದಾರೆ. ಹತ್ತು ಜನರ ಮುಂದೆ ಹಣೆಗೆ ಹಚ್ಚಲು ಹೋಗಿ ಮುಜುಗರ ಮಾಡುವುದೂ ದಾಟಿ ಹೋದಷ್ಟೇ ನೋವಿನದು. ಅತ್ಯಂತ ಹತ್ತಿರದ ಗೆಳತಿ ಒಂದು ವಾರ ಮೊದಲೇ ಒಬ್ಬರೇ ಹೋಗಿ ಕೇಳಬೇಕು. ಉತ್ತರ ಏನೇ ಇರಲಿ, ತಟ್ಟೆ ಅವರಿಂದಲೇ ಶುರುವಾಗಲಿ: ಗಂಧ, ಹೂ, ಹಣ್ಣು, ತೆಂಗಿನಕಾಯಿ, ಶಾಲು. ಹರಪನಹಳ್ಳಿ ಭೀಮವ್ವ ಗಂಡನನ್ನು ಕಳೆದುಕೊಂಡಿದ್ದವರು. 19ನೇ ಶತಮಾನದ ಆ ತಾಯಿಯ ಹಾಡುಗಳನ್ನು ಮುತ್ತೈದೆಯರು ಇಂದಿಗೂ ಆರತಿ ತಟ್ಟೆ ಹಿಡಿದು ಹಾಡುತ್ತಾರೆ. ಹಾಡಿಗೆ ಇಲ್ಲದ ತಡೆ ಹಾಡುವ ಅಜ್ಜಿಗೆ ಏಕೆ?

ಉಡುಗೊರೆಯಾಗಿ ಸೀರೆ, ಬೆಳ್ಳಿ ಬಟ್ಟಲಿಗಿಂತ ಒಂದು ಕೆಲಸ ಮಾಡಿಕೊಡಿ. ಇಂಥವರ ಬಾಯಲ್ಲಿ ಪುಸ್ತಕಕ್ಕೆ ಬಾರದ ಸಂಪ್ರದಾಯದ ಹಾಡುಗಳಿರುತ್ತವೆ. ಊಟಕ್ಕೆ ಮುಂಚೆ, ದನಿ ದಣಿಯುವ ಮೊದಲು, ಹೀಟರ್‌ನ ಫ್ಯಾನ್ ನಿಲ್ಲಿಸಿ, ಫೋನನ್ನು ಒಂದು ಮೊಳ ದೂರದಲ್ಲಿ ಬಟ್ಟೆಯ ಮೇಲಿಟ್ಟು ರೆಕಾರ್ಡ್ ಮಾಡಿ. ಒಂದು ಹಾಡಿಗೆ ಒಂದೇ ಫೈಲ್. ಅಂಕಿತ (ಹಾಡು ಕಟ್ಟಿದವರ ಗುರುತಿನ ಹೆಸರು) ಯಾವುದು, ಯಾರಿಂದ ಕಲಿತದ್ದು, ಯಾವ ಊರಿನ ಧಾಟಿ ಎಂಬುದನ್ನು ಹಾಡಿನ ಕೊನೆಗೆ ಅವರ ದನಿಯಲ್ಲೇ ಹೇಳಿಸಿ. ಸಾಹಿತ್ಯವನ್ನು ಆ ವಾರವೇ ಬರೆದು ಅವರಿಗೆ ಓದಿ ತೋರಿಸಿ ತಿದ್ದಿಸಿ. ತಡವಾದರೆ ಅಸ್ಪಷ್ಟ ಪದಗಳನ್ನು ಬರೆದವರು ಊಹೆಯಿಂದ ತುಂಬಿಬಿಡುತ್ತಾರೆ.