ಬಿಸಿನೀರಿಗೆ ಬೇರೆ ಲೆಕ್ಕ

ಮನೆಗಳಿಗೆ ಸೋಲಾರ್ ಹಾಕಿಕೊಡುವುದು ನನ್ನ ಕೆಲಸ. ತಾರಸಿ ಅಳೆಯುವುದು, ಲೋಡ್ ಲೆಕ್ಕ ಹಾಕುವುದು, ಪ್ಯಾನೆಲ್ ಕೂರಿಸುವುದು, ಆಮೇಲೆ ಫೋನ್ ಬಂದಾಗ ಓಡುವುದು, ಎಲ್ಲವೂ ಇದರಲ್ಲೇ ಬಂತು. ಶುರುವಿನ ವರ್ಷಗಳಲ್ಲಿ ನಾನೊಂದು ತಪ್ಪು ಮಾಡಿದ್ದೆ. ಅದೇ ತಪ್ಪನ್ನು ಈಗಲೂ ಎಷ್ಟೋ ಮನೆಗಳಲ್ಲಿ ನೋಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅದು ಕರೆಂಟಿನ ಲೈನೇ ಇಲ್ಲದ ಮನೆ. ದೀಪ, ಫ್ಯಾನ್, ಫ್ರಿಡ್ಜ್, ಟಿವಿ ಎಲ್ಲ ಸೋಲಾರ್ ಮೇಲೇ ಓಡಬೇಕು. ಜೊತೆಗೆ 2 ಕಿಲೋವ್ಯಾಟ್‌ನ ಗೀಸರ್. ದಿನಕ್ಕೆ ಎಷ್ಟು ಯೂನಿಟ್ ಬೇಕು ಅಂತ ಎಲ್ಲವನ್ನೂ ಒಟ್ಟಿಗೆ ಕೂಡಿದೆ. ಅಷ್ಟು ಕೊಡುವ ಪ್ಯಾನೆಲ್ ಹಾಕಿಸಿದೆ. ಸುಮಾರು 5 ಯೂನಿಟ್ ಹಿಡಿಯುವ 48 ವೋಲ್ಟ್ ಲಿಥಿಯಂ ಬ್ಯಾಟರಿ ಇಟ್ಟೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು.

ತಿಂಗಳೊಳಗೆ ಫೋನ್ ಬಂತು. "ಬೆಳಿಗ್ಗೆ ಸ್ನಾನಕ್ಕೆ ಹೋದ್ರೆ ಮನೆಯೆಲ್ಲ ಆಫ್ ಆಗ್ತಿದೆ ಸಾರ್. ಫ್ರಿಡ್ಜೂ ನಿಂತುಹೋಗ್ತಿದೆ."

ಮರುದಿನ ಬಿಸಿಲು ಬರುವ ಮೊದಲೇ ಹೋಗಿ ಇನ್ವರ್ಟರ್ ಮುಂದೆ ನಿಂತೆ. ಡಿಸ್‌ಪ್ಲೇಯಲ್ಲಿ ಲೋಡ್ 180 ವ್ಯಾಟ್. ರಾತ್ರಿಯಿಡೀ ಫ್ಯಾನ್, ಫ್ರಿಡ್ಜ್ ಓಡಿ ಬ್ಯಾಟರಿ ಆಗಲೇ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಒಳಗೆ ಯಾರೋ ಗೀಸರ್ ಸ್ವಿಚ್ ಹಾಕಿದರು. 180 ಇದ್ದದ್ದು 2,190 ಆಯಿತು. ಇನ್ವರ್ಟರ್ ಒಳಗಿನ ಫ್ಯಾನ್ ಜೋರಾಗಿ ತಿರುಗತೊಡಗಿತು. ಒಂದು ಗಂಟೆ ತುಂಬುವ ಮೊದಲೇ ಬೀಪ್ ಬೀಪ್, ಆಮೇಲೆ ಕಟ್. ಬಾತ್‌ರೂಮಿನಿಂದ "ಹೋಯ್ತು!" ಅಂತ ಕೂಗು. ಆ ಕೂಗು ನನಗೆ ಇವತ್ತಿಗೂ ನೆನಪಿದೆ.

ಮನೆಯವರು ಕೇಳಿದ್ದು ಒಂದೇ: "ಇನ್ನೊಂದು ಬ್ಯಾಟರಿ ಹಾಕಿದ್ರೆ ಸರಿಹೋಗುತ್ತೆ ಅಲ್ವಾ?" ಸರಿಹೋಗುತ್ತಿತ್ತು. ಆದರೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಲೆಕ್ಕವನ್ನು ಬಿಡಿಸಿ ನೋಡಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 1.16 ವ್ಯಾಟ್-ಅವರ್ ಬೇಕು (1,000 ವ್ಯಾಟ್-ಅವರ್ ಅಂದರೆ 1 ಯೂನಿಟ್). 100 ಲೀಟರನ್ನು 20 ಡಿಗ್ರಿಯಿಂದ 55ಕ್ಕೆ ಏರಿಸಲು 4 ಯೂನಿಟ್ ಆಯಿತು. ಅದೇ 9 ವ್ಯಾಟ್‌ನ 6 ಎಲ್‌ಇಡಿ ಬಲ್ಬು 5 ಗಂಟೆ ಉರಿದರೆ ಕಾಲು ಯೂನಿಟ್ ಚಿಲ್ಲರೆ. ಒಂದು ಫ್ಯಾನ್ ರಾತ್ರಿಯೆಲ್ಲ ತಿರುಗಿದರೆ ಅರ್ಧ ಯೂನಿಟ್‌ನ ಆಸುಪಾಸು. ಅಂದರೆ ಆ ಬ್ಯಾಟರಿಯನ್ನು ನಿಜವಾಗಿ ಕುಡಿಯುತ್ತಿದ್ದದ್ದು ಸ್ನಾನದ ನೀರು. ಅದೂ ಬಿಸಿಲೇ ಇಲ್ಲದ ಹೊತ್ತಿನಲ್ಲಿ.

ಇನ್ನೊಂದು ವಿಷಯ ಆಗ ತಲೆಗೆ ಹೊಳೆಯಿತು. ಮಧ್ಯಾಹ್ನದ ಒಳ್ಳೆ ಬಿಸಿಲಿನಲ್ಲಿ ಒಂದು ಚದರ ಮೀಟರ್ ಮೇಲೆ ಸುಮಾರು 1,000 ವ್ಯಾಟ್ ಬೀಳುತ್ತದೆ. ಪ್ಯಾನೆಲ್ ಅದರಲ್ಲಿ 20 ಶೇಕಡದಷ್ಟನ್ನು ಕರೆಂಟು ಮಾಡುತ್ತದೆ. ಅದು ಬ್ಯಾಟರಿಗೆ ಹೋಗಿ, ಇನ್ವರ್ಟರ್ ಹಾದು, ದಾರಿಯಲ್ಲಿ ಇನ್ನಷ್ಟು ಸೋರಿ, ಕೊನೆಗೆ ಗೀಸರ್ ಕಾಯಿಲ್‌ನಲ್ಲಿ ಮತ್ತೆ ಶಾಖ ಆಗುತ್ತದೆ. ಸೋಲಾರ್ ವಾಟರ್ ಹೀಟರ್ ಅದೇ ಬಿಸಿಲಿನ ಅರ್ಧದಷ್ಟನ್ನು ನೇರವಾಗಿ ನೀರಿಗೆ ಕೊಡುತ್ತದೆ. 100 ಲೀಟರಿಗೆ ಸುಮಾರು 2 ಚದರ ಮೀಟರ್ ಜಾಗ ಸಾಕು. ಕಾದ ನೀರು ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಹಾಗೇ ಇರುತ್ತದೆ. ಶಾಖ ಕೂಡಿಡಲು ಆ ಟ್ಯಾಂಕೇ ಸಾಕಾಗಿರುವಾಗ ಬ್ಯಾಟರಿ ಯಾಕೆ ಬೇಕು?

ಗೀಸರ್ ತೆಗೆಸಿ ವಾಟರ್ ಹೀಟರ್ ಕೂರಿಸಿದೆ. ಪಂಪ್ ಬೇಡದ ಮಾದರಿ. ಬಿಸಿನೀರು ಹಗುರ, ತಾನಾಗಿ ಮೇಲೇರಿ ಟ್ಯಾಂಕಿಗೆ ಸೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಟ್ಯಾಂಕು ಬಿಸಿಲು ಹೀರುವ ಕಲೆಕ್ಟರ್‌ಗಿಂತ ಮೇಲಿರಬೇಕು, ನಡುವಿನ ಪೈಪ್ ಎಲ್ಲೂ ಡೊಂಕಾಗಿ ಮೇಲೆದ್ದು ಕೆಳಗಿಳಿಯಬಾರದು. ಹಾಗಾದರೆ ಗಾಳಿ ಸಿಕ್ಕಿಕೊಂಡು ನೀರಿನ ಓಟ ನಿಲ್ಲುತ್ತದೆ.

ವಾರದಲ್ಲಿ ಮತ್ತೆ ಫೋನ್. "ನೀರು ಬಿಸಿ ಬರ್ತಿಲ್ಲ." ಹೋಗಿ ನಲ್ಲಿ ಬಿಟ್ಟು, ಮಗ್ಗಿನಲ್ಲಿ ಅಳೆದು ಬಕೆಟ್‌ಗೆ ಸುರಿದೆ. ನಾಲ್ಕು ಲೀಟರ್ ತಣ್ಣೀರು ಹೋದ ಮೇಲೆ ಕೈ ಸುಡುವ ನೀರು ಬಂತು. ಟ್ಯಾಂಕು ತಾರಸಿಯ ಆ ತುದಿಯಲ್ಲಿ, ಬಾತ್‌ರೂಮು ಈ ತುದಿಯಲ್ಲಿ. ನಡುವೆ 15 ಮೀಟರ್ ಮುಕ್ಕಾಲಿಂಚಿನ ಪೈಪ್, ಮೇಲೆ ಏನೂ ಸುತ್ತಿಲ್ಲ. ಪ್ರತಿ ಸಲವೂ ಪೈಪಿನಲ್ಲಿ ಉಳಿದ ಬಿಸಿನೀರು ಆರಿ ದಂಡವಾಗುತ್ತಿತ್ತು. ಕೂರಿಸಲು ಸುಲಭ ಅಂತ ಆ ಮೂಲೆ ಆರಿಸಿದವನು ನಾನೇ. ಟ್ಯಾಂಕನ್ನು ಬಾತ್‌ರೂಮಿನ ನೇರ ಮೇಲಕ್ಕೆ ತಂದೆವು. ಅರ್ಧ ಇಂಚಿನ 5 ಮೀಟರ್ ಪೈಪ್ ಎಳೆದು ಉದ್ದಕ್ಕೂ ಫೋಮ್ ಹೊದಿಕೆ ಹಾಕಿದೆವು. ಈಗ ಒಂದು ಮಗ್ಗು ತುಂಬುವ ಮೊದಲೇ ಬಿಸಿನೀರು.

ಮೋಡದ ದಿನಗಳಿಗೆ ಟ್ಯಾಂಕಿನಲ್ಲೊಂದು ಕಾಯಿಲ್ ಇದೆ. ಅದನ್ನು ಬೆಳಿಗ್ಗೆ ಹಾಕುವುದಿಲ್ಲ. ಬ್ಯಾಟರಿ ತುಂಬಿದ ಮೇಲೆ ಪ್ಯಾನೆಲ್‌ನ ಕರೆಂಟಿಗೆ ಹೋಗಲು ಜಾಗ ಇರುವುದಿಲ್ಲ, ಸುಮ್ನೆ ವ್ಯರ್ಥ. ಆ ಹೊತ್ತಿಗೆ, ಮಧ್ಯಾಹ್ನಕ್ಕೆ, ಟೈಮರ್ ಇಟ್ಟಿದ್ದೇನೆ. ಕಾಯಿಲನ್ನು ಇಡೀ ದಿನ ಆನ್ ಮಾಡಿ ಮರೆಯುವವರು ಬಹಳ ಮಂದಿ. ಕರೆಂಟೇ ನೀರು ಕಾಯಿಸಿಬಿಟ್ಟರೆ ಬಿಸಿಲಿಗೆ ಮಾಡಲು ಏನೂ ಉಳಿಯುವುದಿಲ್ಲ.

ಚಳಿ ಜಾಸ್ತಿ ಇರುವ ಕಡೆ ಕೋಣೆ ಬೆಚ್ಚಗಿಡುವುದು ಇನ್ನೂ ಕಷ್ಟದ ಲೆಕ್ಕ. ಶಾಖ ಹೆಚ್ಚು ಬೇಕಾದ ತಿಂಗಳಲ್ಲೇ ಬಿಸಿಲು ಕಡಿಮೆ. ಅಂಥ ಮನೆಯಲ್ಲಿ ನಾನು ಮೊದಲು ಕಿಟಕಿ ಸಂದು, ಬಾಗಿಲ ಅಡಿ, ಛಾವಣಿ ನೋಡುತ್ತೇನೆ. ಅಲ್ಲಿ ಸೋರಿಕೆ ನಿಂತ ಮೇಲೆ ಹೀಟ್ ಪಂಪ್. 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ ಸಿಗುತ್ತದೆ, ಯಾಕೆಂದರೆ ಅದು ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಿಂದ ಒಳಗೆ ಸಾಗಿಸುತ್ತದೆ. ಬರೀ ಕಾಯಿಲ್ ಹೀಟರನ್ನು ಸೋಲಾರ್ ಬ್ಯಾಟರಿ ಮೇಲೆ ಓಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಈಗ ಹೊಸ ಮನೆಗೆ ಹೋದರೆ ನೋಟ್‌ಬುಕ್‌ನಲ್ಲಿ ಮೊದಲೇ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಶಾಖ, ಬಲಕ್ಕೆ ಕರೆಂಟು. ಯಾವುದು ಎಷ್ಟು ಗಂಟೆಗೆ ಬೇಕು ಅಂತ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ತಾರಸಿ ಹತ್ತುವುದು ಆಮೇಲೆ.

ಆ ಮನೆಗೆ ಚಳಿಗಾಲದಲ್ಲಿ ಇನ್ನೊಮ್ಮೆ ಬೆಳಿಗ್ಗೆ ಬೇಗ ಹೋಗಿದ್ದೆ. ಅದೇ ಜಾಗದಲ್ಲಿ ನಿಂತೆ. ಒಳಗೆ ಬಕೆಟ್ ತುಂಬುವ ಸದ್ದು ಕೇಳುತ್ತಿತ್ತು. ಡಿಸ್‌ಪ್ಲೇ 180 ದಾಟಲಿಲ್ಲ.