84.6 ಎಂಬ ಅಂಕಿ, ಅದನ್ನು ತೂಗಿದ ತಕ್ಕಡಿ

ದಕ್ಕೆಯಲ್ಲಿ ಬಂಗುಡೆ ಕೊಳ್ಳುವಾಗ ‘ಐಸ್ ತೆಗೆದು ತೂಗಿ ಮಾರಾಯ್ರೆ’ ಅನ್ನುವ ನಾವು, ಸೈಕ್ಲಿಂಗ್ ಸುದ್ದಿಯಲ್ಲಿ ‘ಕೆಜಿಗೆ ಇಷ್ಟು’ ಅಂತ ಬಂದರೆ ಸುಮ್ಮನೆ ನಂಬಿಬಿಡುತ್ತೇವೆ. ಯಾವ ದಿನದ ಕೆಜಿ, ತೂಗಿದ್ದು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಬ್ರಿಟನ್ನಿನ ಸೈಕಲ್ ಓಟಗಾರ ಕ್ರಿಸ್ ಫ್ರೂಮ್ ಲಂಡನ್ನಿನ ಜಿಎಸ್‌ಕೆ ಔಷಧ ಕಂಪನಿಯ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಕೊಂಡದ್ದು 2015ರ ಆಗಸ್ಟ್ 17ರಂದು, ಟೂರ್ ಡಿ ಫ್ರಾನ್ಸ್ ಓಟ ಮುಗಿದು ಮೂರು ವಾರದ ಮೇಲೆ. ವರ್ಷದ ಕೊನೆಗೆ ಎಸ್ಕ್ವಾಯರ್ ಪತ್ರಿಕೆ ಅದನ್ನು ಪ್ರಕಟಿಸಿದಾಗ ತಲೆಬರಹಕ್ಕೆ ಏರಿದ್ದು ವಿಓಟೂ, ಅಂದರೆ ಶಕ್ತಿಮೀರಿ ತುಳಿದಾಗ ಮೈತೂಕದ ಕೆಜಿಗೆ ನಿಮಿಷಕ್ಕೆ ಬಳಕೆಯಾಗುವ ಆಮ್ಲಜನಕ, ಮಿಲಿಲೀಟರ್ ಲೆಕ್ಕದಲ್ಲಿ: 84.6. 2007ರಲ್ಲಿ ಸ್ವಿಟ್ಜರ್ಲೆಂಡಿನ ಏಗ್ಲ್‌ನಲ್ಲಿ 80.2 ಇತ್ತು. ‘ಏರಿಕೆ’ ಅಂತ ಓದಿದವರೇ ಹೆಚ್ಚು. ತೂಕದಿಂದ ಗುಣಿಸಿ ನೋಡಿ: 2007ರಲ್ಲಿ 75.6 ಕೆಜಿ, ಅಂದರೆ ನಿಮಿಷಕ್ಕೆ 6.06 ಲೀಟರ್ ಆಮ್ಲಜನಕ. 2015ರಲ್ಲಿ 69.9 ಕೆಜಿ, 5.91 ಲೀಟರ್. ಎಂಜಿನ್ ಬೆಳೆಯಲೇ ಇಲ್ಲ, ಇಳಿದದ್ದು ಮೈತೂಕ. ಜೊತೆಗೆ ಓಡಾಡಿದ 88.2 ಎಂಬುದಂತೂ ಅಳತೆಯೇ ಅಲ್ಲ, ಅದೇ 5.91 ಲೀಟರನ್ನು 67 ಕೆಜಿ ಎಂಬ ಸ್ಪರ್ಧೆಯ ತೂಕದಿಂದ ಭಾಗಿಸಿದ್ದು.

ಇನ್ನು ಉಸಿರು ಅಳೆಯುವ ಯಂತ್ರದ ಪಾಲು. ಪರೀಕ್ಷೆಗೆ ಮೊದಲು 3 ಲೀಟರ್ ಸಿರಿಂಜಿನಿಂದ ಗಾಳಿಯ ಹರಿವನ್ನೂ, 16% ಆಮ್ಲಜನಕ ಮತ್ತು 4-5% ಇಂಗಾಲದ ಡೈಆಕ್ಸೈಡ್ ಇರುವ ಸಿಲಿಂಡರಿನಿಂದ ಅನಿಲ ವಿಶ್ಲೇಷಕವನ್ನೂ ಸರಿಹೊಂದಿಸಬೇಕು. ಮುಗಿದ ಮೇಲೆ ಅದೇ ಸಿಲಿಂಡರ್ ಹಾಕಿ ಇನ್ನೊಮ್ಮೆ ನೋಡಬೇಕು. ಈ ಎರಡನೆಯದನ್ನೇ ಹೆಚ್ಚಾಗಿ ಬಿಟ್ಟುಬಿಡುವುದು. ನಮ್ಮ ಮಂಗಳೂರಿನ ಸೆಕೆಯಲ್ಲಿ, 30 ಡಿಗ್ರಿ, 90% ಆರ್ದ್ರತೆ ಇರುವ ಕೋಣೆಯಲ್ಲಿ, ನೀರಾವಿಯೇ ಜಾಗ ಹಿಡಿದು ಆಮ್ಲಜನಕ ಶೇಕಡಾ 20.93ರಿಂದ ಸುಮಾರು 20.1ಕ್ಕೆ ಇಳಿದಿರುತ್ತದೆ. ಗಾಳಿಯನ್ನು ಒಣಗಿಸುವ ಕೊಳವೆಗೆ ಬೆವರೋ ಜೊಲ್ಲೋ ಸೇರಿದರೆ, ಬಿಟ್ಟ ಉಸಿರಿನಲ್ಲಿ 17.0 ಇರಬೇಕಾದದ್ದು 16.8 ಅಂತ ತೋರಬಹುದು. 0.2 ತಾನೇ ಅನ್ನಬೇಡಿ, ವಿಓಟೂ ಐದಾರು ಶೇಕಡಾ ಹಿಗ್ಗುತ್ತದೆ. 80ಕ್ಕೂ 84ಕ್ಕೂ ಇರುವ ಅಂತರವೇ ಅಷ್ಟು!

ಅದೇ ಟೂರ್‌ನ ಪಿಯರ್ ಸೇಂಟ್ ಮಾರ್ಟಿನ್ ಎಂಬ ಬೆಟ್ಟದ ಏರಿನಲ್ಲಿ ಫ್ರೂಮ್ ಎಷ್ಟು ಶಕ್ತಿ ಹಾಕಿ ತುಳಿದರು ಎಂಬ ಜಗಳದಲ್ಲೂ ತಕ್ಕಡಿಯದೇ ತಕರಾರು. ಫ್ರೆಂಚ್ ಟಿವಿ ಕೆಜಿಗೆ 7.04 ವ್ಯಾಟ್ ಅಂದಿತು, ಅದು 71 ಕೆಜಿ ಹಿಡಿದು ಮಾಡಿದ ಅಂದಾಜು. ಫ್ರೂಮ್ ಅವರ ತಂಡ ಟೀಮ್ ಸ್ಕೈ 5.78 ಅಂದಿತು. ಅವರ ಸೈಕಲಿನ ವ್ಯಾಟ್ ಮೀಟರಿನಲ್ಲಿ ಇದ್ದದ್ದು 414 ವ್ಯಾಟ್, ತೂಕ 67.5 ಕೆಜಿ; ಭಾಗಿಸಿದರೆ 6.13. ಪೆಡಲಿನ ಪಕ್ಕದ ಮೊಟ್ಟೆಯಾಕಾರದ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್ ಸುಮಾರು 6% ಹೆಚ್ಚು ತೋರಿಸುತ್ತದೆ ಅಂತ ಕಳೆದ ಮೇಲೆ 5.78. ಕಳೆಯುವುದಕ್ಕೆ ಕಾರಣ ಇಲ್ಲದಿಲ್ಲ: ಕ್ರ್ಯಾಂಕಿನ, ಅಂದರೆ ಪೆಡಲ್ ಹಿಡಿದ ತೋಳಿನ, ಮೀಟರ್ ಒಂದು ಸುತ್ತು ಪೂರ್ತಿ ಒಂದೇ ವೇಗ ಅಂತ ಲೆಕ್ಕ ಹಾಕುತ್ತದೆ, ಆ ರಿಂಗಿನಲ್ಲಿ ವೇಗ ಹೆಚ್ಚುಕಡಿಮೆ ಆಗುತ್ತಿರುತ್ತದೆ. ಆದರೆ ಎಷ್ಟು ಕಳೆಯಬೇಕು ಅಂತ ಹೇಳಿದ್ದು ತಂಡವೇ. ಪೆಡಲಿಗೆ 20 ಕೆಜಿ ಕಲ್ಲು ತೂಗಿಸಿ ಮೀಟರ್ ಪರೀಕ್ಷಿಸಿದರೆ ಈ ದೋಷ ಸಿಗುವುದಿಲ್ಲ, ಕ್ರ್ಯಾಂಕ್ ತಿರುಗುವಾಗ ಹಿಂಚಕ್ರದ ಹಬ್ ಮೀಟರ್ ಜೊತೆ ಹೋಲಿಸಬೇಕು. ಅದನ್ನು ಮಾಡಬೇಕಾದವರು ತಂಡದ ಹೊರಗಿನವರು.

ಉದ್ದೀಪನ ಮದ್ದಿನ ಕಾರಣಕ್ಕೆ ಟೂರ್ ಪ್ರಶಸ್ತಿಗಳನ್ನು ಕಳೆದುಕೊಂಡ ಅಮೆರಿಕದ ಸೈಕಲ್ ಓಟಗಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಮೇಲಿನ 2005ರ ಲೇಖನವನ್ನು ಮರೆಯುವ ಹಾಗಿಲ್ಲ. 1992ರಿಂದ 1999ಕ್ಕೆ ಸ್ನಾಯುಗಳ ದಕ್ಷತೆ 8% ಹೆಚ್ಚಿತು ಅಂತ ವ್ಯಾಯಾಮ ವಿಜ್ಞಾನಿ ಎಡ್ವರ್ಡ್ ಕಾಯ್ಲ್ ಬರೆದರು, ಪತ್ರಿಕೆಗಳು ಅದನ್ನೇ ಗೆಲುವಿನ ಗುಟ್ಟು ಮಾಡಿದವು. ಕೊನೆಯ ಪರೀಕ್ಷೆ ನಡೆದದ್ದು 1999ರ ನವೆಂಬರಿನಲ್ಲಿ, ಟೂರ್ ಜುಲೈಯಲ್ಲಿ. ಟೂರ್ ವೇಳೆಯ ಸುಮಾರು 72 ಕೆಜಿ ಲ್ಯಾಬಿನಲ್ಲಿ ತೂಗಿದ್ದೇ ಅಲ್ಲ. ಆಸ್ಟ್ರೇಲಿಯಾದ ವಿಜ್ಞಾನಿಗಳು ಮೂಲ ದತ್ತಾಂಶ ಕೇಳಿ ನೋಡಿದ ಮೇಲೆ, 2008ರಲ್ಲಿ, ಒಂದು ಲೆಕ್ಕದ ತಪ್ಪನ್ನು ಕಾಯ್ಲ್ ಒಪ್ಪಿಕೊಂಡರು. ಉದ್ದೀಪನ ಮದ್ದನ್ನು ಇಂಥ ಪರೀಕ್ಷೆ ಹಿಡಿಯುವುದೂ ಇಲ್ಲ, ಇಲ್ಲ ಅಂತ ಸಾಬೀತು ಮಾಡುವುದೂ ಇಲ್ಲ. ಅದಕ್ಕೆ ರಕ್ತ, ಮೂತ್ರದ ಪರೀಕ್ಷೆ ಬೇರೆ ಉಂಟು.

ಹಾಗಾಗಿ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಲ್ಯಾಬಿನ ಹೆಸರನ್ನಲ್ಲ. ದಿನ ಗೊತ್ತು ಮಾಡಿದ್ದು ಯಾರು, ತೂಗಿದ್ದು ಪರೀಕ್ಷೆಗೆ ಎಷ್ಟು ಹೊತ್ತು ಮುಂಚೆ, ಒಂದೊಂದು ಉಸಿರಿನ ಅಳತೆಯ ಕಡತ ಹೊರಗಿನವರಿಗೆ ಸಿಗುತ್ತದೋ ಇಲ್ಲವೋ. ಆಗುಂಬೆ ಘಾಟಿಯ 14 ತಿರುವು ಹತ್ತಿ ಫೋನಿನ ಆ್ಯಪ್ ಕೊಟ್ಟ ವ್ಯಾಟ್ ತೋರಿಸುವವರನ್ನೂ ಇಷ್ಟು ಕೇಳಬಹುದು: ಆ್ಯಪಿಗೆ ಕೊಟ್ಟ ತೂಕದಲ್ಲಿ ಸೈಕಲ್, ಎರಡು ನೀರಿನ ಬಾಟಲಿ ಸೇರಿದೆಯಾ?