ಕಣ್ಣೊಳಗೆ ಆರು ದಿನ ಇದ್ದ ಗಾಳಿ

ನಮ್ಮ ಬಳ್ಳಾರಿಯಲ್ಲಿ ಐವತ್ತು ದಾಟಿದವರು ಕಣ್ಣು ಮಂಜಾಗಿದೆ ಎಂದರೆ ಎಲ್ಲರ ಬಾಯಲ್ಲೂ ಬರುವ ಉತ್ತರ ಒಂದೇ: ಪೊರೆ ಬಂದಿರಬೇಕು, ಮಾಗಲಿ, ಸುಗ್ಗಿ ಮುಗಿದ ಮೇಲೆ ತೆಗೆಸಿದರಾಯಿತು. ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ ನನ್ನ ಬಲಗಣ್ಣಿನ ನೋಟದ ಕೆಳಗಿನ ಎಡಮೂಲೆಯಿಂದ ನೆರಳೊಂದು ಮೇಲೇರತೊಡಗಿದಾಗ ನಾನೂ ಹಾಗೆಯೇ ಅಂದುಕೊಂಡೆ. ಅದಕ್ಕೆ ಮುಂಚಿನ ಎರಡು ದಿನ ಕತ್ತಲಲ್ಲಿ ಮಿಂಚಿನಂತಹ ಗೆರೆಗಳೂ ಸೊಳ್ಳೆಹಿಂಡಿನಂತಹ ಚುಕ್ಕೆಗಳೂ ಕಂಡಿದ್ದವು. ಮೈನಸ್ ಎಂಟರ ಕನ್ನಡಕ ಹಾಕುವವನು ಅವನ್ನು ಕಂಡ ದಿನವೇ ವೈದ್ಯರಲ್ಲಿಗೆ ಓಡಬೇಕೆಂಬುದು ನನಗೆ ಗೊತ್ತಿರಲಿಲ್ಲ. ಒಂದು ತಪಾಸಣಾ ಶಿಬಿರದಲ್ಲಿ ಪಾಪೆಯನ್ನು ಹಿಗ್ಗಿಸದೆ ಬರೀ ಟಾರ್ಚು ಬಿಟ್ಟು ನೋಡಿದವರು, ಪೊರೆ ಇನ್ನೂ ಎಳೆಯದು ಎಂದು ಹೇಳಿ ಕಳುಹಿಸಿದರು. ಹಾಗೆ ನಾಲ್ಕು ದಿನ ಹೋಯಿತು.

ಆದದ್ದು ಬೇರೆಯೇ. ಕಣ್ಣನ್ನು ತುಂಬಿರುವ ಲೋಳೆ ವಯಸ್ಸಾದಂತೆ ಕುಗ್ಗಿ, ಕಣ್ಣಿನ ಹಿಂಗೋಡೆಯಲ್ಲಿ ಬಿಂಬ ಮೂಡುವ ತೆಳು ಪದರವಾದ ರೆಟಿನಾದಿಂದ ಬಿಡಿಸಿಕೊಳ್ಳುವಾಗ ಮೇಲ್ಭಾಗದಲ್ಲಿ ಒಂದು ಕಡೆ ಅದನ್ನು ಹರಿದಿತ್ತು. ಆ ಹರಕಿನ ಮೂಲಕ ನೀರು ಹಿಂದಕ್ಕೆ ನುಗ್ಗಿ, ಗೋಡೆಯಿಂದ ಸುಣ್ಣದ ಪದರ ಏಳುವಂತೆ ರೆಟಿನಾ ಏಳತೊಡಗಿತ್ತು. ಹರಕು ಮೇಲಿದ್ದರೆ ನೀರು ತನ್ನ ಭಾರಕ್ಕೆ ಬೇಗ ಕೆಳಗಿಳಿಯುತ್ತದೆ, ಇಳಿದು ನೇರ ನೋಟ ಕೊಡುವ ನಡುಭಾಗವಾದ ಮ್ಯಾಕುಲಾವನ್ನು ಮುಟ್ಟುತ್ತದೆ. ರಾತ್ರಿಯ ರೈಲು ಹಿಡಿದು ಬೆಂಗಳೂರು ತಲುಪುವ ಹೊತ್ತಿಗೆ ನನ್ನ ಮ್ಯಾಕುಲಾದ ಅಂಚು ಎದ್ದಿತ್ತು.

ವಿಟ್ರೆಕ್ಟಮಿ ಮಾಡಿ, ಅಂದರೆ ಆ ಲೋಳೆಯನ್ನು ತೆಗೆದು, ಹರಕಿನ ಸುತ್ತ ಲೇಸರ್ ಹಾಕಿ, ಕಣ್ಣಿನೊಳಗೆ ಗಾಳಿ ತುಂಬುತ್ತೇವೆ ಎಂದು ವೈದ್ಯರು ಹೇಳಿದಾಗ, ಜೊತೆಗಿದ್ದ ನನ್ನ ತಮ್ಮ ದುಡ್ಡಿನ ಚಿಂತೆ ಬೇಡವೆಂದೂ ಗ್ಯಾಸನ್ನೋ ಸಿಲಿಕೋನ್ ಎಣ್ಣೆಯನ್ನೋ ಹಾಕಿರೆಂದೂ ಕೇಳಿಕೊಂಡ. ಹೆಚ್ಚು ದಿನ ಇರುವುದೇ ಹೆಚ್ಚು ಗಟ್ಟಿ ಎಂಬುದು ಅವನ ಲೆಕ್ಕ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನನಗೂ ಆ ಕ್ಷಣದಲ್ಲಿ ಹಾಗೆಯೇ ಅನ್ನಿಸಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಗಾಳಿಯದಾಗಲಿ ಎಣ್ಣೆಯದಾಗಲಿ, ಒಳಗೆ ತುಂಬಿದ ಗುಳ್ಳೆಯ ಕೆಲಸ ರೆಟಿನಾವನ್ನು ಅಂಟಿಸುವುದಲ್ಲ, ಹರಕಿನ ಬಾಯಿಗೆ ನೀರು ತಾಗದಂತೆ ತಡೆಯುವುದು ಮಾತ್ರ. ನೀರು ಮತ್ತು ಗಾಳಿಯ ನಡುವಿನ ಮೇಲ್ಮೈ ಎಳೆತವೇ ಆ ತಡೆ, ಮತ್ತು ಅದು ಸಿಲಿಕೋನ್ ಎಣ್ಣೆಗಿಂತ ಗಾಳಿಯಲ್ಲಿ ಹೆಚ್ಚು. ಬಾಯಿ ಮುಚ್ಚಿದರೆ ಹಿಂದೆ ಉಳಿದ ನೀರನ್ನು ರೆಟಿನಾದ ಅಡಿಯ ಜೀವಕೋಶಗಳೇ ಹೀರಿಬಿಡುತ್ತವೆ. ಅಂಟಿಸುವುದು ಲೇಸರ್ ಗಾಯ, ಅದು ದಿನೇ ದಿನೇ ಗಟ್ಟಿಯಾಗಿ ಎರಡು ವಾರಗಳ ಹೊತ್ತಿಗೆ ಪೂರ್ತಿ ಬಲಿಯುತ್ತದೆ. ಗಾಳಿ ಒಂದು ವಾರದೊಳಗೆ ರಕ್ತಕ್ಕೆ ಸೇರಿಹೋಗುತ್ತದೆ, ತಮ್ಮ ಕೇಳಿದ ಗ್ಯಾಸುಗಳಲ್ಲಿ ಎಸ್ಎಫ್6 ಎಂಬುದು ಸುಮಾರು ಎರಡು ವಾರ, ಸಿ3ಎಫ್8 ಎಂಬುದು ಆರರಿಂದ ಎಂಟು ವಾರ ಇರುತ್ತದೆ, ಎಣ್ಣೆಯನ್ನು ಇನ್ನೊಂದು ಶಸ್ತ್ರಚಿಕಿತ್ಸೆ ಮಾಡಿಯೇ ತೆಗೆಯಬೇಕು. ಹರಕು ಮೇಲಿದ್ದು, ರೆಟಿನಾ ಸುಕ್ಕುಗಟ್ಟದೆ ಹೊಸದಾಗಿಯೇ ಎದ್ದಿದ್ದರೆ, ಗುಳ್ಳೆ ತಾನಾಗಿ ತೇಲಿ ಅಲ್ಲಿಯೇ ನಿಲ್ಲುವುದರಿಂದ ಗಾಳಿಯ ಆ ಕೆಲವು ದಿನಗಳು ಸಾಕಾಗುತ್ತವೆ. ಕೆಳಗಿನ ಹರಕಿಗೂ ಗಾಯದ ಪೊರೆ ಕಟ್ಟಿದ ಹಳೆಯ ಕಣ್ಣಿಗೂ ಈ ಮಾತು ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಸ್ವೀಡನ್ನಿನ ರೋಸೆನ್‌ಗ್ರೆನ್ 1938ರಲ್ಲಿಯೇ ಗಾಳಿಯನ್ನು ಹೀಗೆ ಬಳಸಿದ್ದರು ಎಂದು ಆಮೇಲೆ ಓದಿದಾಗ, ತಮ್ಮನಿಗೆ ಅದನ್ನು ಓದಿ ಹೇಳದೆ ಬಿಡಲಿಲ್ಲ.

ಊರು ಯಾವುದು ಎಂದು ವೈದ್ಯರು ಕೇಳಿದ್ದು ಬರೀ ಮಾತಿಗಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ, ಬಳ್ಳಾರಿ 500ಕ್ಕಿಂತ ಕೆಳಗೆ. ಇಳಿಯುವಾಗ ಗುಳ್ಳೆ ಕುಗ್ಗುತ್ತದೆ, ಏರುವಾಗ ಹಿಗ್ಗಿ ಕಣ್ಣಿನ ಒತ್ತಡ ಹೆಚ್ಚಿಸುತ್ತದೆ. ಆದ್ದರಿಂದ ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಗುಳ್ಳೆ ಕರಗುವವರೆಗೆ ಸಂಡೂರಿನ ಬೆಟ್ಟಕ್ಕಾಗಲಿ ತೋರಣಗಲ್ಲಿನಿಂದ ವಿಮಾನಕ್ಕಾಗಲಿ ಹತ್ತಬಾರದು, ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡುವವರಿದ್ದರೆ ಗುಳ್ಳೆಯನ್ನು ಹಿಗ್ಗಿಸುವ ನೈಟ್ರಸ್ ಆಕ್ಸೈಡ್ ಅನಿಲ ಬೇಡವೆಂದು ಹೇಳಬೇಕು ಎಂದು ಚೀಟಿಯಲ್ಲಿಯೇ ಬರೆದುಕೊಟ್ಟರು.

ಮನೆಯಲ್ಲಿ ಹಗಲು ನೆಟ್ಟಗೆ ಕೂತೆ, ರಾತ್ರಿ ಎಡಮಗ್ಗುಲಾಗಿ ಮಲಗಿದೆ. ಅಂಗಾತ ಮಲಗಿದರೆ ಗಾಳಿ ಮಸೂರಕ್ಕೆ ತಾಗುತ್ತದೆಂದು ಹೆಂಡತಿ ಎರಡು ರಾತ್ರಿ ಕಾವಲು ಕಾದಳು. ಮೂರನೆಯ ದಿನ ನೋಟದ ಮೇಲ್ತುದಿಯಲ್ಲಿ ಬೆಳಕಿನ ಪಟ್ಟಿಯೊಂದು ತೆರೆದು, ಅದರ ಕೆಳಗೆ ಗೌಂಡಿಯ ರಸಮಟ್ಟದಲ್ಲಿರುವಂತೆ ತಲೆ ಅಲುಗಿದರೆ ತಾನೂ ಅಲುಗುವ ಗೆರೆ ಕಂಡಿತು. ರೆಟಿನಾದಲ್ಲಿ ಬಿಂಬ ತಲೆಕೆಳಗಾಗಿರುವುದರಿಂದ ಮೇಲೆ ತೇಲುವ ಗಾಳಿ ನಮಗೆ ಕೆಳಗೆ ಕಾಣುತ್ತದೆ. ಹತ್ತನೆಯ ತರಗತಿಗೆ ವರ್ಷವರ್ಷವೂ ಬರೆದ ಚಿತ್ರವನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು. ಗೆರೆ ದಿನಕ್ಕಿಷ್ಟು ಇಳಿಯುತ್ತ, ಆರನೆಯ ದಿನ ಮಣಿಯಷ್ಟಾಗಿ, ಸಂಜೆಯೊಳಗೆ ಇಲ್ಲವಾಯಿತು.

ರೆಟಿನಾ ಕೂತಿತು, ಮತ್ತೆ ಏಳಲಿಲ್ಲ. ಆದರೆ ಕೂರುವುದು ಬೇರೆ, ಕಾಣುವುದು ಬೇರೆ. ಬಲಗಣ್ಣಿನಿಂದ ನೋಡಿದರೆ ಕಿಟಕಿಯ ಸರಳು ಇಂದಿಗೂ ಒಂದು ಕಡೆ ಬಳುಕಿದಂತಿದೆ, ಬಣ್ಣಗಳು ಸ್ವಲ್ಪ ಮಾಸಿವೆ. ಅದು ಗಾಳಿಯ ದೋಷವಲ್ಲ, ಎಣ್ಣೆ ಹಾಕಿದ್ದರೂ ಸರಿಹೋಗುತ್ತಿರಲಿಲ್ಲ. ಶಿಬಿರದ ಮಾತು ನಂಬಿ ಕಳೆದ ನಾಲ್ಕು ದಿನಗಳ ಲೆಕ್ಕ ಅದು.

ಕಳೆದ ತಿಂಗಳು ಅದೇ ಕಣ್ಣು ಮತ್ತೆ ಮಂಜಾದಾಗ ಆ ದಿನವೇ ಪಾಪೆ ಹಿಗ್ಗಿಸಿ ತೋರಿಸಿಕೊಂಡೆ. ಐವತ್ತು ದಾಟಿದವರಲ್ಲಿ ವಿಟ್ರೆಕ್ಟಮಿಯಾದ ಒಂದೆರಡು ವರ್ಷಗಳಲ್ಲಿ ಹೀಗಾಗುವುದು ಸಾಮಾನ್ಯ, ಈ ಸಲ ನಿಜವಾಗಿಯೂ ಪೊರೆಯೇ, ಅವಸರವಿಲ್ಲ ಎಂದರು. ಸುಗ್ಗಿ ಮುಗಿದ ಮೇಲೆ ಹೋಗುತ್ತೇನೆ.